ಫಿರಂಗಿ ಮಾವನ ಪದಕಕ್ಕೆ ಸಾಕ್ಷಿ

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಫಿರಂಗಿ ಮಾವ ಎಂದು. ಹೆಸರಿಟ್ಟವರು ಯಾರೆಂದು ಯಾರಿಗೂ ನೆನಪಿಲ್ಲವಾದರೂ ಅದು ಅವರ ಹೆಂಡತಿಯದೇ ಕೆಲಸ ಇರಬೇಕು. ಮದುವೆಯಾಗಿ ಆ ಬೀದಿಗೆ ಕಾಲಿಟ್ಟ ದಿನದಿಂದ ಆಕೆ ಹಾಲಿನವನಿಗೆ, ಇಸ್ತ್ರಿಯವನಿಗೆ, ಕಡೆಗೆ ಬಾಡಿಗೆ ಹೆಚ್ಚಿಸಲು ಬಂದ ಮನೆಯ ಮಾಲೀಕನಿಗೂ ಹೇಳಿದ ಮಾತು ಒಂದೇ: "ನಮ್ಮೆಜಮಾನ್ರು ಫಿರಂಗಿ ದಳದಲ್ಲಿದ್ರು. ಪದಕ ಬಂದಿದೆ." ಮಾಲೀಕ ಆ ವರ್ಷ ಬಾಡಿಗೆ ಹೆಚ್ಚಿಸಲಿಲ್ಲ. ಪದಕಕ್ಕೆ ಹೆದರಿದನೋ ಫಿರಂಗಿಗೋ, ಅಂತೂ ಅತ್ತೆಗೆ ತಮ್ಮ ಮಾತಿನ ಮೇಲೆ ನಂಬಿಕೆ ಬಂತು. ಅತ್ತೆ ಎಂದರೆ ಮಾವನ ಹೆಂಡತಿ. ಗಂಡ ಇಡೀ ಬೀದಿಗೆ ಮಾವನಾದ ಮೇಲೆ ಹೆಂಡತಿ ಅತ್ತೆಯಾಗದೆ ವಿಧಿಯಿಲ್ಲ.

ಪದಕ ಹಜಾರದ ಗಾಜಿನ ಕಪಾಟಿನಲ್ಲಿತ್ತು. ಬಿಸ್ಕತ್ತಿನಷ್ಟು ಅಗಲ, ಪಟ್ಟೆಪಟ್ಟೆಯ ರಿಬ್ಬನ್ನು. ಅತ್ತೆ ವಾರಕ್ಕೊಮ್ಮೆ ಅದನ್ನು ಹಲ್ಲುಪುಡಿ ಹಾಕಿ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ಅದರ ಮೇಲಿದ್ದ ಸಿಂಹದ ಮೂಗು ಸವೆದು, ಅದು ಸಿಂಹವೋ ಕುರಿಯೋ ಎಂದು ಹೊಸಬರು ಅನುಮಾನ ಪಡುವಂತಾಗಿತ್ತು.

ಮಾವನಿಗೆ ಕಿವಿ ಸ್ವಲ್ಪ ಮಂದ. ಫಿರಂಗಿಯ ಸದ್ದಿಗೆ ಹಾಗಾಗಿದೆ ಎಂದು ಅತ್ತೆ ಕನಿಕರಪಡುತ್ತಿದ್ದರು. ಆ ಮಂದ ಕೂಡ ಬಹಳ ಬುದ್ಧಿವಂತ ಮಂದ. ಬೀದಿಯ ಕೊನೆಯಲ್ಲಿ ಯಾರೋ ಯಾರನ್ನೋ ಬೈದದ್ದು ಕೇಳಿಸುತ್ತಿತ್ತು. ಅಡುಗೆಮನೆಯಿಂದ "ಸ್ವಲ್ಪ ಈ ಡಬ್ಬಿ ಮುಚ್ಚಳ ತೆಗೆದುಕೊಡ್ರೀ" ಎಂದರೆ ಮಾತ್ರ ಕೇಳಿಸುತ್ತಿರಲಿಲ್ಲ. ಮದುವೆಯಾದಂದಿನಿಂದ ಮಾವ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ. ನೀರು ಬೇಕಾದರೂ ಹಜಾರದಲ್ಲಿ ಕೂತೇ ಕೆಮ್ಮುವವರು. ಆದರೂ ಪತ್ರಿಕೆಯಿಂದ ಕಣ್ಣೆತ್ತದೆ, "ಈರುಳ್ಳಿ ತಳ ಹಿಡೀತಿದೆ, ಉರಿ ಸಣ್ಣ ಮಾಡು" ಎನ್ನುತ್ತಿದ್ದರು. ಹೋಗಿ ನೋಡಿದರೆ ಹಿಡಿದಿರುತ್ತಿತ್ತು. ಫಿರಂಗಿ ಮದ್ದಿನ ವಾಸನೆ ಹಿಡಿದು ಪಳಗಿದ ಮೂಗು ಎಂದು ಅತ್ತೆ ಅದಕ್ಕೂ ಹೆಮ್ಮೆಪಟ್ಟುಕೊಂಡಿದ್ದರು.

ಹೀಗೆ ನಲವತ್ತು ವರ್ಷ ಸುಖವಾಗಿ ನಡೆದ ಸಂಸಾರದೊಳಗೆ ಕಹಳೆಯವರು ಕಾಲಿಟ್ಟರು.

ಕಹಳೆಯವರು ಎದುರು ಮನೆಯವರು. ಬೇರೊಂದು ದಳದಲ್ಲಿ ಕಹಳೆ ಊದುತ್ತಿದ್ದವರು, ಈಗ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ. ಊದುವ ಅಭ್ಯಾಸ ಬಿಟ್ಟಿರಲಿಲ್ಲ, ಕಹಳೆಯೊಂದು ಇರಲಿಲ್ಲ ಅಷ್ಟೇ. ಸಂಘದ ಹಾಲ್‌ನಲ್ಲಿ ಪದಕ ಪಡೆದವರ ಹೆಸರಿನ ದೊಡ್ಡ ಬೋರ್ಡು ಹಾಕಿಸುವುದೆಂದು ತೀರ್ಮಾನವಾಗಿತ್ತು. ಒಂದು ಬೆಳಿಗ್ಗೆ ಅವರು ಕಾಗದ ಹಿಡಿದುಕೊಂಡು ಬಂದರು.

"ನೋಡಪ್ಪಾ ಫಿರಂಗಿ, ನನಗೇನೂ ಅನುಮಾನ ಇಲ್ಲ. ಆದ್ರೆ ದಾಖಲೆ ಕಚೇರಿಯಿಂದ ಪಟ್ಟಿ ಬಂದಿದೆ. ಅದ್ರಲ್ಲಿ ನಿನ್ನ ಹೆಸರಿಲ್ಲ."

ಚಹಾ ತರುತ್ತಿದ್ದ ಅತ್ತೆ ಅಲ್ಲೇ ನಿಂತರು. ಲೋಟ ಕಹಳೆಯವರ ಕೈಗೆ ಎಟುಕದಷ್ಟು ದೂರದಲ್ಲಿ ನಿಂತಿತು.

"ಪದಕ ಅಲ್ಲೇ ಇದೆಯಲ್ಲ, ನೋಡ್ಕೊಳ್ಳಿ" ಎಂದರು ಅತ್ತೆ.

"ಅಲ್ಲಮ್ಮಾ, ಪದಕ ಹಳೇ ಸಾಮಾನಿನ ಅಂಗಡೀಲೂ ಸಿಗ್ತವೆ. ನಾನು ಇವನ ಬಗ್ಗೆ ಹೇಳ್ತಿಲ್ಲ. ಸುಮ್ನೆ ಲೋಕದ ಮಾತು ಹೇಳ್ದೆ."

ಲೋಕದ ಮಾತು ಹೇಳಿ ಕಹಳೆಯವರು ಚಹಾ ಕುಡಿಯದೆ ಹೊರಟರು. ಕೊಡದ ಚಹಾ ಕುಡಿಯುವುದಾದರೂ ಹೇಗೆ. ಅವರು ಹೋದ ಮೇಲೆ ಅತ್ತೆ ಗಂಡನ ಎದುರಿಗೆ ಕೂತರು.

"ಏನ್ರೀ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಪದಕ ನಿಮಗೇ ಕೊಟ್ಟಿದ್ದಾ?"

ಮಾವನ ಕಿವಿ ಆ ಹೊತ್ತಿಗೆ ಕೈಕೊಟ್ಟಿತು. ಒಂದಕ್ಷರ ಬಿಡದಂತೆ ಕೇಳಿಸಿತು. "ನನಗೇ ಕೊಟ್ಟಿದ್ದು ಕಣೇ."

"ಹಾಗಾದ್ರೆ ಪಟ್ಟೀಲಿ ಯಾಕಿಲ್ಲ?"

ಉತ್ತರ ಮಾವನಿಗೆ ಗೊತ್ತಿತ್ತು. ಅದಕ್ಕೇ ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿದರು. ಆ ವಾರ ಹಲ್ಲುಪುಡಿ ಡಬ್ಬಿ ಕಪಾಟಿನ ಹತ್ತಿರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಹೊಸದಾಗಿ ಬಂದ ಹಾಲಿನವನಿಗೆ ಅತ್ತೆ ಹೇಳಿದ್ದು "ಅರ್ಧ ಲೀಟರ್ ಸಾಕು" ಎಂದಷ್ಟೇ. ಅದು ಮಾವನಿಗೆ ಚುಚ್ಚಿತು. ಬೋರ್ಡಿನಲ್ಲಿ ಹೆಸರು ಬರೆಯದಿದ್ದರೆ ಹಾಳಾಗಿ ಹೋಗಲಿ. ಇಷ್ಟು ವರ್ಷ ತಮ್ಮನ್ನು ಕಣ್ಣುಮುಚ್ಚಿ ನಂಬಿದ ಒಬ್ಬಳೇ ಒಬ್ಬಳು ಕಣ್ಣು ತೆರೆದು ನೋಡುತ್ತಿದ್ದಾಳೆ ಎಂಬುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಪದಕವನ್ನು ಸೇವಾ ದಾಖಲೆಯಲ್ಲಿ ಸೇರಿಸಬೇಕೆಂದು ದಾಖಲೆ ಕಚೇರಿಗೆ ಅರ್ಜಿ ಬರೆದು ಹಾಕಿದರು.

ಇಲ್ಲಿ ನಿಜವನ್ನು ಹೇಳಿಬಿಡುವುದು ಒಳ್ಳೆಯದು. ಪದಕ ಅಪ್ಪಟ. ಫಿರಂಗಿ ದಳವೂ ಅಪ್ಪಟ. ಆದರೆ ದಳ ಎಂದ ಮೇಲೆ ಅದಕ್ಕೊಂದು ಹೊಟ್ಟೆಯೂ ಇರುತ್ತದಲ್ಲ. ಮಾವ ಆ ಹೊಟ್ಟೆಯ ಕಡೆಯವರು. ಫಿರಂಗಿ ದಳದ ಅಡುಗೆಯವರು. ಫಿರಂಗಿಯನ್ನು ಅವರು ನೋಡಿದ್ದು ಊಟದ ಗಂಟೆ ಬಾರಿಸಲು ಹೋದಾಗ ಮಾತ್ರ.

ಹೆಣ್ಣು ನೋಡಲು ಹೋದಾಗ ಅತ್ತೆಯ ಅಪ್ಪ, ವ್ಯಾಯಾಮಶಾಲೆಯ ಮೇಷ್ಟ್ರು, ಮೀಸೆ ತಿರುವುತ್ತಾ "ಯಾವ ದಳ?" ಎಂದು ಕೇಳಿದ್ದರು. "ಫಿರಂಗಿ ದಳ" ಎಂದರು ಇವರು. ಮೇಷ್ಟ್ರು ಮುಂದೆ ಕೇಳಲಿಲ್ಲ, ಇವರು ಮುಂದೆ ಹೇಳಲಿಲ್ಲ. ಅದಕ್ಕೂ ಎರಡು ವರ್ಷ ಹಿಂದೆ ಗುಡ್ಡದ ಮೇಲಿನ ಕಾವಲು ಠಾಣೆಯ ಕ್ಯಾಪ್ಟನ್ನರು, ಪದಕಕ್ಕೆ ಶಿಫಾರಸು ಬರೆಯುವಾಗ ಇದನ್ನೇ ಕೇಳಿದ್ದರು. ಆಗಲೂ ಇವರದು ಅದೇ ಉತ್ತರ. ಕ್ಯಾಪ್ಟನ್ನರು "ಗನ್ನರ್", ಅಂದರೆ ಫಿರಂಗಿ ಹಾರಿಸುವವನು, ಎಂದು ಬರೆದುಕೊಂಡರು. ಅಡುಗೆಯವನೆಂದರೆ ಎಲ್ಲಿ ಪದಕ ತಪ್ಪುತ್ತದೋ ಎಂದು ಇವರು ತುಟಿ ಹೊಲಿದುಕೊಂಡಿದ್ದರು. ಒಂದೇ ಮಾತಿಗೆ ಒಮ್ಮೆ ಪದಕ ಸಿಕ್ಕಿತು, ಇನ್ನೊಮ್ಮೆ ಹೆಂಡತಿ ಸಿಕ್ಕಳು. ಇಂಥ ಮಾತನ್ನು ಯಾರು ತಾನೇ ಬದಲಾಯಿಸುತ್ತಾರೆ?

ಆಮೇಲೆ ಆ ಮಾತನ್ನು ಉಳಿಸಿಕೊಳ್ಳುವ ಪಾಡು ಶುರುವಾಯಿತು. ಒಂದು ದಿನ ಒಲೆ ಹಚ್ಚಿದರೂ ಕೈಚಳಕ ಗುಟ್ಟು ಬಿಟ್ಟುಕೊಟ್ಟೀತು ಎಂಬ ಹೆದರಿಕೆ. ಜೊತೆಗೆ, ಹಾಗೆ ಕೂತು ಉಣ್ಣುವುದು ಹಿತವಾಗಿಯೂ ಇತ್ತೆನ್ನಿ. ಹೆದರಿಕೆ, ಸೋಮಾರಿತನ ಎರಡೂ ಕೈ ಕೈ ಹಿಡಿದುಕೊಂಡರೆ ನಲವತ್ತು ವರ್ಷ ಏನು ಮಹಾ.

ಕಚೇರಿಯಿಂದ ಉತ್ತರ ಬಂತು. ಈ ಸಂಖ್ಯೆಯ ಗನ್ನರ್ ಯಾರೂ ಇಲ್ಲ, ಇದೇ ಸಂಖ್ಯೆಯ ಅಡುಗೆಯವರೊಬ್ಬರು ಇದ್ದಾರೆ, ಅದು ನೀವೇ ಆಗಿದ್ದಲ್ಲಿ ಗುರುತು ಹೇಳಬಲ್ಲ ಹತ್ತಿರದ ಸಂಬಂಧಿಯೊಂದಿಗೆ ಖುದ್ದಾಗಿ ಬರತಕ್ಕದ್ದು. ಮಾವ ಪತ್ರವನ್ನು ಅತ್ತೆಗೆ ಓದಿ ಹೇಳಿದರು. ಅತ್ತೆಯ ಕನ್ನಡಕ ರಿಪೇರಿಗೆ ಹೋಗಿದ್ದು ಪುಣ್ಯ. ಮಾವ ಮಧ್ಯದ್ದನ್ನೆಲ್ಲ ನುಂಗಿ, ಕೊನೆಯ ಸಾಲನ್ನಷ್ಟೇ ಹೊರಗೆ ಬಿಟ್ಟರು.

"ಹತ್ತಿರದ ಸಂಬಂಧಿ ಅಂದ್ರೆ ನಾನೇ ತಾನೆ?" ಎಂದರು ಅತ್ತೆ.

"ಅಲ್ಲಿ ಮೆಟ್ಟಿಲು ಜಾಸ್ತಿ ಕಣೇ. ನಿನ್ನ ಮಂಡಿ…"

"ನನ್ನ ಮಂಡಿ ಚೆನ್ನಾಗಿದೆ. ನಾನೂ ಬಂದು ಕಣ್ಣಾರೆ ನೋಡ್ತೀನಿ."

ದಾಖಲೆ ಕಚೇರಿ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ನಿಜಕ್ಕೂ ಜಾಸ್ತಿ ಇದ್ದವು. ಏದುಸಿರು ಬಿಟ್ಟದ್ದು ಮಾವ; ಅತ್ತೆ ಮೇಲೆ ನಿಂತು ಕಾದರು. ಉದ್ದನೆಯ ಕೋಣೆ, ಎರಡೂ ಕಡೆ ಕಬ್ಬಿಣದ ಬೀರುಗಳು, ತಲೆಯ ಮೇಲೆ ಗಾಳಿಗಿಂತ ಸದ್ದೇ ಹೆಚ್ಚು ಕೊಡುವ ಫ್ಯಾನು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಮಗಳ ವಯಸ್ಸಿನವಳು. ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಅತ್ತೆ "ತಲೆ ಮೇಲಿದೆ ನೋಡಮ್ಮಾ" ಎಂದರು. ಇಬ್ಬರಿಗೂ ಅಲ್ಲೇ ಸ್ನೇಹವಾಯಿತು. ಮಾವನಿಗೆ ಇದು ಒಳ್ಳೆಯ ಶಕುನವೆನಿಸಲಿಲ್ಲ.

"ಕ್ಯಾಪ್ಟನ್ನರ ಶಿಫಾರಸು ಹಳೇ ಕಡತದಲ್ಲಿ ಸಿಕ್ತು ಸಾರ್. ಓದ್ತೀನಿ ಕೇಳಿ" ಎಂದಳು ಅಧಿಕಾರಿ. "ಹಿಮ ಬಿದ್ದು ದಾರಿ ಮುಚ್ಚಿ, ಠಾಣೆಯವರು ದಿನಗಟ್ಟಲೆ ಬಿಸಿ ಆಹಾರವಿಲ್ಲದೆ ಇದ್ದಾಗ, ಈತ ಬೇಳೆಯ ಹಂಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಗುಂಡಿನ ಸುರಿಮಳೆಯ ನಡುವೆ ಗುಡ್ಡ ಹತ್ತಿದನು. ಹಂಡೆಗೆ ಗುಂಡು ತಗುಲಿ ತೂತಾದಾಗ ಹಿಟ್ಟು ಮೆತ್ತಿ ಮುಚ್ಚಿ, ಆಹಾರವನ್ನು ಬಿಸಿಬಿಸಿಯಾಗಿ ತಲುಪಿಸಿದನು."

ಅತ್ತೆ ಗಂಡನ ಮುಖ ನೋಡಿದರು. ಬಹಳ ದಿನಗಳ ಮೇಲೆ ಆ ನೋಟದಲ್ಲಿ ಹಳೆಯ ಹೆಮ್ಮೆಯಿತ್ತು. ಮಾವನಿಗೆ ಇಲ್ಲಿಗೇ ಮುಗಿದರೆ ಸಾಕಪ್ಪಾ ಎನಿಸಿತು.

"ನೀವೇ ಅವರು ಅಂತ ನನಗೆ ಖಾತ್ರಿಯಾಗ್ಬೇಕು" ಎಂದಳು ಅಧಿಕಾರಿ. "ಒಂದು ಪ್ರಶ್ನೆ ಕೇಳ್ತೀನಿ. ಹಿಮದಲ್ಲಿ, ಗುಂಡು ಹಾರೋ ಜಾಗದಲ್ಲಿ, ಹಿಟ್ಟು ಎಲ್ಲಿಂದ ಬಂತು?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಪಾಡು. ನುಂಗಲೂ ಆಗದು, ಉಗುಳಲೂ ಆಗದು. ಮಾವ ಅತ್ತೆಯ ಕಡೆ ತಿರುಗಿ, "ಕೆಳಗೆ ಹೋಗಿ ಒಂದು ಬಾಟ್ಲಿ ನೀರು ತರ್ತೀಯಾ?" ಎಂದರು.

"ಇಲ್ಲೇ ಇದೆಯಲ್ಲ" ಎಂದು ಅತ್ತೆ ಮೇಜಿನ ಮೇಲಿದ್ದ ಹೂಜಿಯನ್ನು ಅವರ ಮುಂದಕ್ಕೆ ತಳ್ಳಿದರು.

ಮಾವ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ಹೂಜಿ ಖಾಲಿಯಾಗುವವರೆಗೆ ಕುಡಿಯುವಂತಿಲ್ಲವಲ್ಲ. "ಮುಚ್ಚಳದ ಸುತ್ತ ಇತ್ತಮ್ಮ" ಎಂದರು.

"ಅಂದ್ರೆ?"

"ಹಂಡೆ ಮುಚ್ಚಳದ ಸುತ್ತ ರೊಟ್ಟಿ ಹಿಟ್ಟು ಮೆತ್ತಿ ಬಿಗಿ ಮಾಡ್ತೀವಿ. ಆವಿ ಹೊರಗೆ ಹೋಗಲ್ಲ, ಎಷ್ಟು ಹೊತ್ತಾದ್ರೂ ಬಿಸಿ ಆರಲ್ಲ. ಗುಂಡು ಬಿದ್ದಾಗ ಬೇಳೆ ಬೆನ್ನ ಮೇಲೆ ಇಳೀತಾ ಇತ್ತು. ನನಗೆ ಚರ್ಮ ಸುಡೋದಕ್ಕಿಂತ ಬೇಳೆ ಹೋಗ್ತಿದೆಯಲ್ಲ ಅಂತ ಹೊಟ್ಟೆ ಉರೀತು. ಮುಚ್ಚಳದಿಂದ ಒಂದು ಉಂಡೆ ಹಿಟ್ಟು ಕಿತ್ತು ತೂತಿಗೆ ಒತ್ತಿದೆ. ಹಂಡೆ ಕಾದಿತ್ತಲ್ಲ, ಹಿಟ್ಟು ಅಲ್ಲೇ ಬೆಂದು ಕಚ್ಚಿಕೊಳ್ತು." ಮಾವ ಈಗ ಮೈಮರೆತಿದ್ದರು. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡ ಕಥೆ, ಒಮ್ಮೆ ಬಾಯಿ ಬಿಟ್ಟರೆ ನಿಲ್ಲುತ್ತದೆಯೇ. "ಮೇಲೆ ಹೋಗಿ ಬಡಿಸಿದೆ. ಒಬ್ಬ ಸಿಪಾಯಿ ಕಚಕ್ ಅಂತ ಏನೋ ಕಚ್ಚಿ, 'ಏನಯ್ಯಾ, ಬೇಳೆ ಸರಿಯಾಗಿ ಆರಿಸಿಲ್ಲ, ಕಲ್ಲಿದೆ' ಅಂದ. ಉಗುಳಿ ನೋಡಿದ್ರೆ ಅದೇ ಗುಂಡು. ನನಗೆ ಕೆಟ್ಟ ಕೋಪ ಬಂತಮ್ಮ. ನನ್ನ ಬೇಳೇಲಿ ಯಾವತ್ತೂ ಕಲ್ಲು ಬಂದಿದ್ದಿಲ್ಲ."

ಅಧಿಕಾರಿ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ.

"ನಿಮ್ಮ ಬೇಳೆ?" ಎಂದರು.

ಮಾವ ಖಾಲಿ ಲೋಟ ಎತ್ತಿ ಕುಡಿದರು.

"ಹಾಗಾದ್ರೆ ಈ ಅಡುಗೆಯವರೇ ನೀವು" ಎಂದು ಅಧಿಕಾರಿ ಇನ್ನೊಂದು ಕಡತ ತೆರೆದಳು. ಗಂಡ ಹೆಂಡಿರ ನಡುವೆ ಏನಾಗುತ್ತಿದೆಯೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. "ಇದ್ರಲ್ಲಿ ಆ ತಿಂಗಳು ಒಂದೇ ಒಂದು ಟಿಪ್ಪಣಿ ಇದೆ ಸಾರ್. ಸರ್ಕಾರಿ ಹಂಡೆ ಒಂದನ್ನ ಹಿಂದಿರುಗಿಸದೆ ಇದ್ದದ್ದಕ್ಕೆ ಛೀಮಾರಿ."

"ತೂತು ಬಿದ್ದ ಹಂಡೆ ಹೊತ್ತು ಇಳಿಯೋಕೆ ಆಗ್ಲಿಲ್ಲ" ಎಂದರು ಮಾವ ಸಣ್ಣ ದನಿಯಲ್ಲಿ.

ಹಂಡೆ ಹೊತ್ತವನಿಗೆ ಪದಕ ಕೊಟ್ಟ ಕಾಗದ, ಇಲ್ಲವೇ ಇಲ್ಲದ ಗನ್ನರ್‌ನ ಹೆಸರಿಗೆ ಹೋಗಿ ಅನಾಥವಾಯಿತು. ಹಂಡೆ ಬಿಟ್ಟುಬಂದವನಿಗೆ ಬೈದ ಕಾಗದ ಮಾತ್ರ ದಾರಿ ತಪ್ಪದೆ ಮನೆ ಸೇರಿತು. ಸರ್ಕಾರಿ ಕಾಗದಗಳಿಗೂ ನೆಂಟರ ಗುಣವಿದೆ. ಬೇಡವಾದವರು ವಿಳಾಸ ಕೇಳದೆ ಬರುತ್ತಾರೆ.

ಅಧಿಕಾರಿ ಒಂದು ಕಾಗದವನ್ನು ಅತ್ತೆಯ ಮುಂದಿಟ್ಟಳು. "ಇವರು ದಳದಲ್ಲಿ ಅಡುಗೆಯವರಾಗಿದ್ದರು ಅಂತ ನನಗೆ ತಿಳಿದಿದೆ. ಇಷ್ಟಕ್ಕೆ ನೀವೊಂದು ಸಹಿ ಹಾಕಿದ್ರೆ ಪದಕ ದಾಖಲೆಗೆ ಸೇರುತ್ತೆ."

ಅತ್ತೆ ಪೆನ್ನು ತೆಗೆದುಕೊಂಡರು. ಪೆನ್ನನ್ನು ನೋಡಿದರು, ಗಂಡನನ್ನು ನೋಡಿದರು, ಪೆನ್ನು ಕೆಳಗಿಟ್ಟರು.

"ನಾನು ಹೇಗಮ್ಮಾ ಸಹಿ ಹಾಕ್ಲಿ? ಇವರು ಒಲೆ ಹಚ್ಚಿದ್ದನ್ನ ನಾನು ಒಂದು ದಿನವೂ ನೋಡಿಲ್ಲ. ನನಗೆ ಜ್ವರ ಬಂದು ಮಲಗಿದ್ದಾಗ ಹೋಟೆಲಿಂದ ಬ್ರೆಡ್ ತಂದು ಕೊಟ್ಟವರು. ಅಡುಗೆಯವರು ಅಂತ ಯಾವ ಬಾಯಲ್ಲಿ ಹೇಳ್ಲಿ? ಸುಳ್ಳು ಸಾಕ್ಷಿ ಹೇಳೋ ಅಭ್ಯಾಸ ನನಗಿಲ್ಲ."

ಅಧಿಕಾರಿಗೆ ಅಷ್ಟರಲ್ಲಿ ವಿಷಯ ಅರ್ಥವಾಗಿತ್ತು. ತುಟಿ ಕಚ್ಚಿ ನಗು ತಡೆದುಕೊಂಡು, "ಕಾಗದ ಮನೆಗೆ ತಗೊಂಡು ಹೋಗಿ. ಖಾತ್ರಿಯಾದ ಮೇಲೆ ಸಹಿ ಹಾಕಿ ಕಳಿಸಿ" ಎಂದಳು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಮಾವ ಮಾತಾಡಿಸಿ ನೋಡಿದರು. ಅತ್ತೆಗೂ ಕಿವಿ ಮಂದವಾಗಿತ್ತು. ಮನೆಗೆ ಬಂದವರೇ ಆಕೆ ಹಜಾರಕ್ಕೆ ಹೋಗಿ ಮಾವನ ಕುರ್ಚಿಯಲ್ಲಿ ಕೂತರು, ಮಾವನ ಪತ್ರಿಕೆ ಬಿಡಿಸಿದರು. ಕನ್ನಡಕವಿಲ್ಲದೆ ಓದಲು ಬರುವುದಿಲ್ಲ ಎಂಬುದು ಬೇರೆ ಮಾತು.

"ಮಾಡಿ ತೋರಿಸಿ" ಎಂದರು ಪತ್ರಿಕೆಯ ಹಿಂದಿನಿಂದ.

ಮಾವ ಅಡುಗೆಮನೆಗೆ ಹೋದರು. ಕೈ ತಾನಾಗಿ ಕೆಲಸ ಶುರುಮಾಡಿತು. ಈರುಳ್ಳಿ ಹೆಚ್ಚುವ ಸದ್ದು ಕೇಳಿ ಅತ್ತೆ ಪತ್ರಿಕೆ ತಗ್ಗಿಸಿ ನೋಡಿದ್ದೂ ಉಂಟು. ಎಡವಟ್ಟಾದದ್ದು ಅಳತೆಯಲ್ಲಿ. ಅವರ ಕೈಗೆ ಗೊತ್ತಿದ್ದದ್ದು ದಳದ ಅಳತೆ. ಬೇಳೆಗೆ ಮೂಟೆ, ಉಪ್ಪಿಗೆ ಬೊಗಸೆ, ಸೌಟೆಂದರೆ ದೋಣಿಯ ಹುಟ್ಟು. ಇಬ್ಬರಿಗೆ ಎಷ್ಟು ಬೇಳೆ, ಎಷ್ಟು ಉಪ್ಪು? ಅದನ್ನು ದಳ ಕಲಿಸಿರಲಿಲ್ಲ. ಭಾಗಿಸಿ ಭಾಗಿಸಿ ತಲೆ ಕೆಟ್ಟು, ಕೊನೆಗೆ ಬೊಗಸೆಯನ್ನು ಅರ್ಧ ಮಾಡಿ ಸುರಿದರು. ಅರ್ಧ ಬೊಗಸೆ ಉಪ್ಪೂ ಬೊಗಸೆಯ ಸಂಬಂಧಿಯೇ.

ಅತ್ತೆ ಒಂದು ತುತ್ತು ಬಾಯಿಗಿಟ್ಟು, ಎದ್ದು ಹೋಗಿ ಉಗುಳಿ ಬಂದರು.

"ಪದಕ ಕೊಡಬೇಕಿದ್ದದ್ದು ನಿಮಗಲ್ಲ. ಇದನ್ನ ತಿಂದು ಬದುಕಿದರಲ್ಲ, ಆ ಗುಡ್ಡದವರಿಗೆ."

ಮಾವನ ಜನ್ಮದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಪದಕ ಸುಳ್ಳೆಂದರೆ ಸಹಿಸಿದ್ದರು, ಬೇಳೆಯನ್ನು ಬೈದರೆ ಹೇಗೆ ಸಹಿಸುವುದು. ಮರುದಿನ ಬೆಳಗಾಗುತ್ತಲೇ ಪಾತ್ರೆ ಬಾಡಿಗೆ ಅಂಗಡಿಗೆ ಹೋಗಿ ಇಬ್ಬರು ಹೊರುವಂಥ ಹಂಡೆ ತಂದರು. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಒಲೆ ಹೂಡಿದರು. ಬೇಳೆ, ಆಲೂಗಡ್ಡೆ, ಈರುಳ್ಳಿ ಗೋಣಿಗಳಲ್ಲಿ ಬಂದವು. ಈಗ ಕೈಗೆ ತನ್ನ ಅಳತೆ ಸಿಕ್ಕಿತ್ತು. ಅಂಗಿಯ ತೋಳು ಮಡಚಿ ನಿಂತ ಮಾವ ಒಮ್ಮೆಯೂ ರುಚಿ ನೋಡಲಿಲ್ಲ, ಒಮ್ಮೆಯೂ ತಡವರಿಸಲಿಲ್ಲ. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಬೆರಳಿನಿಂದ ಒತ್ತುತ್ತಾ ಸುತ್ತು ಬಂದಾಗ ಅವರ ಮುಖದಲ್ಲಿ ಇಪ್ಪತ್ತರ ಹುಡುಗನ ಗಾಂಭೀರ್ಯವಿತ್ತು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಮದುವೆಯಾದದ್ದು ಯಾರನ್ನು ಎಂದು ಮೊದಲ ಸಲ ನೋಡುವವರ ಹಾಗೆ.

ಹಿಟ್ಟು ಒಡೆದು ಮುಚ್ಚಳ ತೆಗೆದಾಗ ಎದ್ದ ಘಮ ಬೀದಿಯ ಮೂಲೆ ಮೂಲೆಗೂ ಹೋಗಿ ಬಾಗಿಲು ತಟ್ಟಿತು. ಇಸ್ತ್ರಿಯವನು ಪೆಟ್ಟಿಗೆ ಆರಿಸಿ ಬಂದ. ಹಾಲಿನವನು ಬಂದ. ಮನೆಯ ಮಾಲೀಕ ತಟ್ಟೆ ಸಮೇತ ಬಂದ. ಕಹಳೆಯವರು ತಮ್ಮ ಗೇಟಿನ ಬಳಿ ಬಹಳ ಹೊತ್ತು ಮರ್ಯಾದೆಯೊಂದಿಗೆ ಜಗಳವಾಡಿ, ಸೋತು, ಸಾಲಿನ ಕೊನೆಯಲ್ಲಿ ನಿಂತರು.

"ಸಾಲು ಮುರೀಬೇಡಿ" ಎಂದು ಗದರಿದ ಮಾವ ಮೊದಲ ತಟ್ಟೆಯನ್ನು ಸಾಲಿನವರಿಗೆ ಕೊಡಲಿಲ್ಲ. ಒಂದು ಕುರ್ಚಿ ತಂದು ನೆರಳಿನಲ್ಲಿ ಹಾಕಿ, ಅತ್ತೆಯನ್ನು ಕೂರಿಸಿ, ಹೊಗೆಯಾಡುವ ತಟ್ಟೆಯನ್ನು ಕೈಗಿಟ್ಟರು.

ಅತ್ತೆ ತಿಂದರು. ಅರ್ಧ ತಟ್ಟೆ ಮುಗಿದ ಮೇಲೆ ಕೈ ನಿಲ್ಲಿಸಿ ಹಾಗೇ ಕೂತರು. ಕಣ್ಣಲ್ಲಿ ನೀರಿತ್ತು. ಖಾರ ಜಾಸ್ತಿಯಾಯಿತೇ ಎಂದು ಮಾವ ಗಾಬರಿಯಿಂದ ಸೌಟು ಬಿಟ್ಟು ಬಂದರು.

"ಖಾರ ಅಲ್ಲ" ಎಂದರು ಅತ್ತೆ. "ಬಿಸಿಯಾಗಿದೆ. ನಿಮಗೆ ಬಡಿಸಿ ನಾನು ಕೂರೋ ಹೊತ್ತಿಗೆ ಯಾವತ್ತೂ ಆರಿರೋದು. ಇನ್ನೊಬ್ಬರು ಬಡಿಸಿದ ಬಿಸಿ ಊಟ ತಿಂದಿದ್ದು ಅಮ್ಮನ ಮನೇಲೇ ಕೊನೆ." ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಯಾರೋ ಗುರುತಿಲ್ಲದವರಿಗೆ ಗುಂಡಿನ ಮಧ್ಯೆ ಹೊತ್ಕೊಂಡು ಹೋದ್ರಿ. ನಮ್ಮ ಅಡುಗೆಮನೆ ಹಜಾರದ ಪಕ್ಕದಲ್ಲೇ ಇತ್ತಲ್ರೀ."

ದಳದವರು ಕೊಟ್ಟ ಛೀಮಾರಿ ಕಾಗದದಲ್ಲಿತ್ತು, ಇದು ಮಾವನ ಎದೆಗೇ ಇಳಿಯಿತು. ಗುಟ್ಟು ಬಯಲಾದರೆ ಹೆಂಡತಿಯ ಕಣ್ಣಲ್ಲಿ ಸಣ್ಣವನಾಗುತ್ತೇನೆಂದು ಇಷ್ಟು ವರ್ಷ ಹೆದರಿದ್ದರು. ಸಣ್ಣವರಾದದ್ದು ನಿಜ. ಆದರೆ ಅಡುಗೆಯವರಾಗಿದ್ದಕ್ಕಲ್ಲ.

"ತಪ್ಪಾಯ್ತು ಕಣೇ" ಎಂದರು.

ಕಹಳೆಯವರು ಎರಡನೆಯ ತಟ್ಟೆ ಹಿಡಿದು ಅಲ್ಲಿಗೇ ಬಂದರು. ವಿಷಯ ಅವರಿಗೂ ತಲುಪಿತ್ತು. ಹೊಟ್ಟೆ ತುಂಬಿದವರಿಗೆ ಬರುವ ಔದಾರ್ಯದಿಂದ, "ಚಿಂತೆ ಮಾಡ್ಬೇಡಮ್ಮಾ, ಬೋರ್ಡಲ್ಲಿ ಗನ್ನರ್ ಅಂತಲೇ ಬರೆಸ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದರು.

"ಅಡುಗೆಯವರು ಅಂತ ಬರೆಸಿ" ಎಂದರು ಅತ್ತೆ. "ದೊಡ್ಡ ಅಕ್ಷರದಲ್ಲಿ. ತಿಂದವರು ಎಲ್ಲರೂ ಸಾಕ್ಷಿ ಇದ್ದಾರೆ."

ಒಳಗೆ ಹೋಗಿ ಕಚೇರಿಯ ಕಾಗದ ತಂದರು. ಮಾವ ಕೈ ಒರೆಸಿಕೊಂಡು ಸಹಿಯ ಜಾಗ ತೋರಿಸಿದರು. ಅತ್ತೆ ಅಲ್ಲೇ, ಹಬೆಯಾಡುವ ಹಂಡೆಯ ಪಕ್ಕದಲ್ಲಿ, ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಒಂದೊಂದೇ ಅಕ್ಷರವಾಗಿ ಸಹಿ ಹಾಕಿದರು. ಕಾಗದವನ್ನು ಗಂಡನ ಕೈಗೆ ಕೊಟ್ಟು, ತಟ್ಟೆ ಮತ್ತೆ ಮಡಿಲಿಗೆ ಎಳೆದುಕೊಂಡರು.

"ನಾಳೆ ಇಬ್ಬರಿಗೆ ಎಷ್ಟು ಹಾಕ್ಬೇಕು ಅಂತ ನಾನು ಹೇಳಿಕೊಡ್ತೀನಿ" ಎಂದರು. "ಕಲೀರಿ."